ಡಿಸೆಂಬರ್ ಚಳಿಗೆ ಗೆಂಡೆ ಮೀನು ಎರೆ ಮುಟ್ಟುತ್ತಿಲ್ಲ. ಗಾಳ, ಎರೆ ಹೇಗಿರಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಹಾಸನದ ಹತ್ತಿರದ ಕೆರೆಯಲ್ಲಿ ಅಕ್ಟೋಬರ್‌ವರೆಗೂ ಸಾಮಾನ್ಯ ಗೆಂಡೆ ಚೆನ್ನಾಗಿ ಬೀಳುತ್ತಿತ್ತು. ಈಗ ಅದೇ ಜಾಗದಲ್ಲಿ ಅದೇ ಎರೆ ಹಾಕಿದರೂ ಬೆಂಡು ಅಲುಗುವುದಿಲ್ಲ. ಇಂಗ್ಲೆಂಡಿನವರ ವಿಡಿಯೊ ನೋಡಿ ರಿಗ್ (ಕೊಕ್ಕೆ, ದಾರ, ಸೀಸ ಜೋಡಿಸಿ ಕಟ್ಟುವ ರೀತಿ) ಬದಲಿಸಿದರೂ ಫಲ ಸಿಕ್ಕಿಲ್ಲ. ರಿಗ್ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದೇನೆ. ಆದರೆ ಅದಕ್ಕೂ ಮೊದಲು ನೀರಿಗೆ ಚೆಲ್ಲುವ ಮೇವನ್ನು ಕಾಲು ಭಾಗಕ್ಕೆ ಇಳಿಸಿ, ಕೆರೆಗೆ ಹೋಗುವ ಹೊತ್ತನ್ನು ಬದಲಿಸಿ. ಮುಕ್ಕಾಲು ಕೆಲಸ ಅಲ್ಲೇ ಇದೆ.

ಆ ವಿಡಿಯೊಗಳಲ್ಲಿ ನೀರಿನ ಉಷ್ಣಾಂಶ 4ರಿಂದ 8 ಡಿಗ್ರಿ ಇರುತ್ತದೆ. ನಮ್ಮ ಕಡೆ ಬೆಳಗಿನ ಜಾವದ ಗಾಳಿ 14 ಡಿಗ್ರಿ ಆಸುಪಾಸಿಗೆ ಬಂದರೂ ಕೆರೆಯ ನೀರು ಅಷ್ಟು ಇಳಿಯುವುದಿಲ್ಲ. ಹಾಗಾಗಿ ನಮಗೆ ಮುಖ್ಯವಾದದ್ದು ನೀರು ಎಷ್ಟು ತಣ್ಣಗಿದೆ ಎನ್ನುವುದಕ್ಕಿಂತ ಎಷ್ಟು ಬೇಗ ತಣ್ಣಗಾಯಿತು ಎನ್ನುವುದು. ಆಕಾಶ ಶುಭ್ರವಾಗಿರುವ ನಾಲ್ಕೈದು ರಾತ್ರಿ ಸಾಲಾಗಿ ಬಂದರೆ ನೀರು ಎರಡು ಮೂರು ಡಿಗ್ರಿ ಕುಸಿದು ಮೀನು ಮಂಕಾಗುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಮುಚ್ಚಿ ರಾತ್ರಿ ಬೆಚ್ಚಗಾದರೆ ಮತ್ತೆ ಮೇಯಲು ಶುರುಮಾಡುತ್ತದೆ. ರಜೆ ಹಾಕುವುದಿದ್ದರೆ ಅಂಥ ದಿನಕ್ಕೆ ಹಾಕಿ.

ಗೆಂಡೆಗೆ ಜಠರವೇ ಇಲ್ಲ. ಗಂಟಲಿನ ಹಲ್ಲಿನಲ್ಲಿ ಅರೆದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಅದಕ್ಕೇ ಅದು ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ತಿನ್ನುವ ಮೀನು. ಮೈಯ ಉಷ್ಣಾಂಶ ನೀರಿನದ್ದೇ ಆದ್ದರಿಂದ ನೀರು ತಣ್ಣಗಾದರೆ ಜೀರ್ಣವೂ ನಿಧಾನ. ನೀವು ಎರಡು ಕೆಜಿ ತೌಡಿನ ಉಂಡೆ ಸುರಿದರೆ ಅದು ನಾಲ್ಕು ಬಾಯಿ ತಿಂದು ಸುಮ್ಮನಾಗುತ್ತದೆ, ಆ ನಾಲ್ಕರಲ್ಲಿ ನಿಮ್ಮ ಕೊಕ್ಕೆ ಇರುವ ಸಂಭವ ಎಷ್ಟು ಹೇಳಿ?

ಇನ್ನೊಂದು ಮಾತು: ಆ ಕೆರೆಗೆ ಯಾವ ಮರಿ ಬಿಟ್ಟಿದ್ದಾರೆ ಎಂದು ವಿಚಾರಿಸಿ. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಬಯಲಿನ ಬೆಚ್ಚನೆಯ ನದಿಗಳಿಂದ ಬಂದವು, ತಂಪಾದರೆ ಬೇಗ ಮೇವು ಬಿಡುತ್ತವೆ. ಸಾಮಾನ್ಯ ಗೆಂಡೆ ಚಳಿಗೆ ಹೆಚ್ಚು ಗಟ್ಟಿ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುವ ಮೀನು, ಅದನ್ನು ತಳದ ಗಾಳದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹೊತ್ತು: ಬೇಸಿಗೆಯಲ್ಲಿ ಬೆಳಗ್ಗೆ 6 ಗಂಟೆ ಸರಿ. ಈಗ 11ರಿಂದ 4ರವರೆಗೆ ಸಾಕು, ಅದರಲ್ಲೂ 1 ಗಂಟೆಯ ನಂತರ. ಬೆಳಗ್ಗೆ ಮಂಜಿನಲ್ಲಿ ಕೂತು ನಡುಗುವುದು ಶ್ರದ್ಧೆಯ ಲಕ್ಷಣವೇನಲ್ಲ. ಚಳಿಗಾಲದ ಗಾಳಿ ನಮ್ಮಲ್ಲಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಗಾಳಿಗೆ ಮರೆಯಾಗಿ, ಮರದ ನೆರಳಿಲ್ಲದೆ ಮಧ್ಯಾಹ್ನದ ಬಿಸಿಲು ಬೀಳುವ ಮೂಲೆ ಹುಡುಕಿ. ಕೆರೆ ಏರಿಯ ಒಳಮೈಯ ಕಲ್ಲುಗಳು ಬಿಸಿಲಿಗೆ ಕಾಯುತ್ತವೆ, ಪಕ್ಕದಲ್ಲೇ ಆಳವೂ ಇರುತ್ತದೆ. ಅಲ್ಲಿ ದಡದಿಂದ ಐದಾರು ಮೀಟರಿಗೇ ಗಾಳ ಇಳಿಸಿ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಾಗಲಿ ಬೇಲೂರಿನ ಯಗಚಿಯಲ್ಲಾಗಲಿ ಬಲ ಬಿಟ್ಟು ದೂರ ಎಸೆಯುವುದು ಬೇಡ. 2ರಿಂದ 3 ಮೀಟರ್ ಆಳಕ್ಕೆ ಇಳಿಜಾರಾಗುವ ಜಾಗ, ಹಳೆಯ ಹಳ್ಳದ ಅಂಚು ಸಿಕ್ಕರೆ ಅದೇ ಸಾಕು. ಆಳದ ನೀರಿನ ಉಷ್ಣಾಂಶ ನೋಡಬೇಕೆಂದರೆ ಸಣ್ಣ ಬಾಟಲಿಗೆ ಸೀಸ ಕಟ್ಟಿ, ಬಾಯಿಗೆ ದಾರವಿರುವ ಬಿರಡೆ ಹಾಕಿ ಇಳಿಸಿ. ತಳದಲ್ಲಿ ಬಿರಡೆ ಎಳೆದು, ತುಂಬಿದ ಮೇಲೆ ಮೇಲೆತ್ತಿ ಅಕ್ವೇರಿಯಂ ಥರ್ಮಾಮೀಟರ್ ಅದ್ದಿ. ಬರಿಯ ಥರ್ಮಾಮೀಟರ್ ಇಳಿಸಿದರೆ ಮೇಲೆ ಬರುವಷ್ಟರಲ್ಲಿ ಅಂಕಿ ಬದಲಾಗಿರುತ್ತದೆ.

ಇನ್ನು ರಿಗ್. ಹೇರ್ ರಿಗ್ಗೇ ಸಾಕು. ಸುಮಾರು 1980ರ ಹೊತ್ತಿಗೆ ಇಂಗ್ಲೆಂಡಿನ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ ಈ ವಿಧಾನದಲ್ಲಿ ಎರೆ ಕೊಕ್ಕೆಯ ಮೇಲಿರುವುದಿಲ್ಲ, ಪಕ್ಕದ ಎಳೆಯಲ್ಲಿ ತೂಗುತ್ತದೆ. ಕೊಕ್ಕೆ ಬರಿದಾಗಿರುವುದರಿಂದ ಮೀನು ಎರೆಯನ್ನು ಉಗಿಯುವಾಗ ಮೊನೆ ತುಟಿಗೆ ಹಿಡಿಯುತ್ತದೆ. ಚಳಿಗೆ ಬೇಕಾದ ಬದಲಾವಣೆ ಎಲ್ಲವನ್ನೂ ಸಣ್ಣದು ಮಾಡುವುದಷ್ಟೇ. ಮುಖ್ಯ ದಾರ 0.28 ಮಿ.ಮೀ. ನೈಲಾನ್, ಕೊಕ್ಕೆಯ ದಾರ 0.20 ಮಿ.ಮೀ., ಉದ್ದ 15ರಿಂದ 18 ಸೆಂ.ಮೀ. ಕೊಕ್ಕೆ 10ನೇ ನಂಬರ್. ಅಂಗಡಿಯಲ್ಲಿ ಕಂಪನಿಗೊಂದು ನಂಬರ್ ಇರುತ್ತದೆ, ಬಾಯಗಲ 6 ಮಿ.ಮೀ. ಹತ್ತಿರ ಇದೆಯೇ ನೋಡಿ ಕೊಳ್ಳಿ.

ಕಟ್ಟುವ ಕ್ರಮ: ದಾರದ ತುದಿಯಲ್ಲಿ ಸಣ್ಣ ಕುಣಿಕೆ ಹಾಕಿ, ಎರಡು ಸ್ವೀಟ್ ಕಾರ್ನ್ ಕಾಳು ಪೋಣಿಸಿ, ಹುಲ್ಲುಕಡ್ಡಿಯ ಚೂರಿನಿಂದ ತಡೆ ಕೊಡಿ. ಇನ್ನೊಂದು ತುದಿಯನ್ನು ಕೊಕ್ಕೆಯ ಬೆನ್ನಿನ ಕಡೆಯಿಂದ ಕಣ್ಣಿಗೆ ತೂರಿಸಿ, ಕಾಳಿಗೂ ಕೊಕ್ಕೆಯ ಬಾಗಿಗೂ 4 ಮಿ.ಮೀ. ಅಂತರ ಉಳಿಯುವಷ್ಟು ಎಳೆಯಿರಿ. ಕಣ್ಣಿನಿಂದ ಹೊರಬಂದ ಉದ್ದನೆಯ ದಾರವನ್ನು ಕೊಕ್ಕೆಯ ಕಾಂಡಕ್ಕೂ (ನೇರ ಭಾಗ) ಕಾಳಿನ ಎಳೆಗೂ ಸೇರಿಸಿ ಬಾಗಿನ ಕಡೆಗೆ 7 ಸುತ್ತು ಬಿಗಿಯಾಗಿ ಸುತ್ತಿ. ಕೊನೆಗೆ ಮತ್ತೆ ಬೆನ್ನಿನ ಕಡೆಯಿಂದಲೇ ಕಣ್ಣಿಗೆ ಹಾಕಿ ಮೊನೆಯ ಕಡೆಗೆ ತೆಗೆಯಿರಿ. ಇಲ್ಲಿ ದಿಕ್ಕು ತಪ್ಪಿದರೆ ಎಳೆತ ಬಿದ್ದಾಗ ಕೊಕ್ಕೆ ತಿರುಗುವುದಿಲ್ಲ, ಮೀನು ಬಾಯಿ ತೆರೆದು ಹೋಗುತ್ತದೆ. ಗಂಟು ಬಿಗಿಸುವ ಮುಂಚೆ ಎಂಜಲು ಹಚ್ಚಿ, ಇಲ್ಲದಿದ್ದರೆ ನೈಲಾನ್ ಉಜ್ಜಿ ಸುಟ್ಟು ಬಲ ಕಳೆದುಕೊಳ್ಳುತ್ತದೆ. ಎಳೆ ಉದ್ದವಾಗಿಬಿಟ್ಟರೂ ತೊಂದರೆಯೇ: ಮಂಕಾದ ಮೀನು ಎರೆಯನ್ನು ತುಟಿಯಲ್ಲಿ ಹಿಡಿದು ಬಿಡುತ್ತದೆ, ಕೊಕ್ಕೆ ಬಾಯೊಳಗೆ ಹೋಗುವುದೇ ಇಲ್ಲ.

ಸೀಸ 50 ಗ್ರಾಂ, ಅರೆಬಿಗಿ. ಅಂದರೆ ಸ್ವಿವೆಲ್ ಅನ್ನು (ಮುಖ್ಯ ದಾರಕ್ಕೂ ಕೊಕ್ಕೆಯ ದಾರಕ್ಕೂ ನಡುವಿನ ತಿರುಗುವ ಲೋಹದ ಕೊಂಡಿ) ಸೀಸದ ರಬ್ಬರಿಗೆ ಹಗುರವಾಗಿ ಒತ್ತಿಟ್ಟಿರಬೇಕು, ಬೆರಳಲ್ಲಿ ಎಳೆದರೆ ಬಿಡಬೇಕು. ದಾರ ತುಂಡಾದಾಗ ಸೀಸ ಕಳಚಿಕೊಳ್ಳದಿದ್ದರೆ ಮೀನು ಅದನ್ನು ಎಳೆದುಕೊಂಡೇ ಸಾಯುತ್ತದೆ. ಪೂರ್ತಿ ಜಾರುವ ಸೀಸ ಬೇಸಿಗೆಯಲ್ಲಿ ಚೆಂದ. ಚಳಿಯಲ್ಲಿ ಮೀನು ಎರೆ ಹಿಡಿದು ಓಡುವುದಿಲ್ಲ, ಆದ್ದರಿಂದ ಸೀಸದ ತೂಕಕ್ಕೇ ಕೊಕ್ಕೆ ನಾಟುವಂತಿರಬೇಕು.

ತಳದಲ್ಲಿ ಹೂಳು ಇದ್ದರೆ 50 ಗ್ರಾಂ ಸೀಸ ಎರೆಯನ್ನೂ ಜೊತೆಗೆ ಹೂತುಹಾಕುತ್ತದೆ. ಸೀಸ ಎಳೆದಾಗ ಮೊದಲು ಹಿಡಿದುಕೊಂಡು ಆಮೇಲೆ ಮೆತ್ತಗೆ ಬಂದರೆ ಅದು ಹೂಳು. ಟಕಟಕ ಅನ್ನಿಸಿದರೆ ಕಲ್ಲು. ಹೂಳಿನಲ್ಲಿ ಸೀಸವನ್ನು 30 ಗ್ರಾಂಗೆ ಇಳಿಸಿ, ಕೊಕ್ಕೆಯ ದಾರವನ್ನು 25 ಸೆಂ.ಮೀ. ಮಾಡಿ, ಕಾಳುಗಳ ಜೊತೆ ಅವರೆಕಾಳಿನಷ್ಟು ತೇಲುವ ಫೋಮ್ ಚೂರು ಪೋಣಿಸಿ. ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ್ದೂ ಆಗುತ್ತದೆ. ಲೋಟದ ನೀರಿನಲ್ಲಿ ಬಿಟ್ಟು ನೋಡಿ: ಕೊಕ್ಕೆ ಸಮೇತ ನಿಧಾನವಾಗಿ ಇಳಿಯಬೇಕು, ತೇಲಬಾರದು, ದಡಕ್ಕನೆ ಬೀಳಲೂಬಾರದು. ಹೀಗೆ ತೂಕ ತಗ್ಗಿಸಿದ ಎರೆ ಹೂಳಿನ ಮೇಲೆ ಕೂರುತ್ತದೆ, ಮೀನು ಮೆಲ್ಲಗೆ ಹೀರಿದರೂ ಬಾಯಿಗೆ ಹೋಗುತ್ತದೆ.

ಸಣ್ಣ ಕೆರೆಯಲ್ಲಿ, ಎಸ್ಟೇಟಿನ ಹೊಂಡದಲ್ಲಿ ಬೆಂಡೇ ಮೇಲು. ಒಂದು ಗ್ರಾಂ ಸೀಸ ಹೊರುವ ಸಪೂರ ಬೆಂಡು, ತುದಿ ಮಾತ್ರ ಕಾಣುವಂತೆ ಸೀಸ ಹಾಕಿ, ಎರೆಯೂ ಅದರ ಪಕ್ಕದ ನಾಲ್ಕೈದು ಸೆಂ.ಮೀ. ದಾರವೂ ತಳದಲ್ಲಿ ಮಲಗುವಂತೆ ಆಳ ಹೊಂದಿಸಿ. ಬೆಂಡು ಮುಳುಗುವುದನ್ನೇ ಕಾಯಬೇಡಿ. ಒಂದು ಸೆಂ.ಮೀ. ಮೇಲೆದ್ದರೂ, ಪಕ್ಕಕ್ಕೆ ಸರಿದರೂ ಎಳೆಯಿರಿ.

ಎರೆಯಲ್ಲಿ ನನ್ನ ಮೊದಲ ಆಯ್ಕೆ ಡಬ್ಬಿಯ ಸ್ವೀಟ್ ಕಾರ್ನ್, ಎರಡನೆಯದು ಎರೆಹುಳು. ಒಣ ಜೋಳ ಬಳಸುವುದಾದರೆ 24 ಗಂಟೆ ನೆನೆಸಿ, ಉಗುರು ಒತ್ತಿದರೆ ಇಳಿಯುವಷ್ಟು ಬೇಯಿಸಿ. ಅರೆಬೆಂದದ್ದು ಹೊಟ್ಟೆಯಲ್ಲಿ ಉಬ್ಬುತ್ತದೆ. ರಾಗಿ ಮುದ್ದೆ ನಮ್ಮ ಜಿಲ್ಲೆಯ ಹಳೆಯ ಎರೆ, ಆದರೆ ತಣ್ಣಗಾದಷ್ಟೂ ಗಟ್ಟಿಯಾಗಿ ನೀರಿಗೆ ವಾಸನೆ ಬಿಡುವುದಿಲ್ಲ. ಮುದ್ದೆಯೇ ಬೇಕೆಂದರೆ ಅದಕ್ಕೆ ಅರ್ಧದಷ್ಟು ಕಳಿತ ಬಾಳೆಹಣ್ಣು ಕಿವುಚಿ, ಕೈಗೆ ಅಂಟದಷ್ಟೇ ತೌಡು ಸೇರಿಸಿ ನಾದಿ. ಹಿಟ್ಟಿನ ಎರೆಗೆ ಒಂದು ಲೋಟ ಹುರಿಗಡಲೆ ಹಿಟ್ಟು, ಅರ್ಧ ಲೋಟ ಬ್ರೆಡ್ ಪುಡಿ, ಅಂಟಿಗೆ ಕಾಲು ಲೋಟ ಮೈದಾ, ಒಂದು ಚಮಚ ಬೆಲ್ಲ, ಎರಡು ಏಲಕ್ಕಿಯ ಪುಡಿ. ಬೇಸಿಗೆಯಲ್ಲಿ ಜಿಲೇಬಿ ಮೀನು ಹಿಟ್ಟನ್ನು ಐದು ನಿಮಿಷದಲ್ಲಿ ಕಿತ್ತುಹಾಕುತ್ತಿತ್ತು. ಈಗ ಅದೂ ಮಂಕು, ಹಿಟ್ಟನ್ನು ಮೆತ್ತಗೇ ಇಡಬಹುದು.

ಚೆಲ್ಲುವ ಮೇವು ಇಡೀ ಮಧ್ಯಾಹ್ನಕ್ಕೆ ಒಣತೂಕ 300 ಗ್ರಾಂ ಮೀರದಿರಲಿ: ಹುರಿದ ಅಕ್ಕಿ ತೌಡು 200, ಬ್ರೆಡ್ ಪುಡಿ 80, ಕಡಲೆಕಾಯಿ ಹಿಂಡಿ 20 ಗ್ರಾಂ ಸಾಕು. ಹಿಂಡಿಯಲ್ಲಿ ಎಣ್ಣೆ ಇರುತ್ತದೆ, ತಣ್ಣೀರಿನಲ್ಲಿ ಎಣ್ಣೆ ಹರಡುವುದೂ ನಿಧಾನ, ಜೀರ್ಣವೂ ನಿಧಾನ. ನೀರನ್ನು ಎರಡು ಕಂತಿನಲ್ಲಿ, ನಡುವೆ ಹತ್ತು ನಿಮಿಷ ಬಿಟ್ಟು ಸೇರಿಸಿ. ಹಿಂಡಿದರೆ ಉಂಡೆಯಾಗಿ, ಹೆಬ್ಬೆರಳು ಒತ್ತಿದರೆ ಪುಡಿಯಾಗಬೇಕು. ಮೊದಲು ನಿಂಬೆ ಗಾತ್ರದ ಮೂರು ಉಂಡೆ, ಆಮೇಲೆ ಮೀನು ಸಿಕ್ಕಿದ ಮೇಲಷ್ಟೇ ಇನ್ನೊಂದು. ಮೆಥಡ್ ಫೀಡರ್ (ಮೇವನ್ನು ಒತ್ತಿ ಅಂಟಿಸಿ ಎಸೆಯುವ, ಸೀಸವಿರುವ ಸಣ್ಣ ಚೌಕಟ್ಟು) ಇದ್ದರೆ ಉಂಡೆಯೂ ಬೇಡ: 30 ಗ್ರಾಂ ಫೀಡರ್, ಕೊಕ್ಕೆಯ ದಾರ 8 ಸೆಂ.ಮೀ., ಪ್ರತಿ ಎಸೆತಕ್ಕೆ ಒಂದು ಹಿಡಿ ಮೇವು.

ಒಂದು ಎಸೆತವನ್ನು 40 ನಿಮಿಷ ಮುಟ್ಟದೆ ಬಿಡಿ. ಅಷ್ಟರಲ್ಲಿ ಏನೂ ಇಲ್ಲದಿದ್ದರೆ ಎರೆ ಬದಲಿಸುವ ಮುಂಚೆ ಜಾಗ ಬದಲಿಸಿ, ಹತ್ತು ಮೀಟರ್ ಸರಿದರೂ ಸಾಕು. ಚಳಿಯಲ್ಲಿ ಗೆಂಡೆ ಒಂದೆಡೆ ಗುಂಪಾಗಿ ನಿಲ್ಲುತ್ತದೆ, ಎರೆಯನ್ನು ಹುಡುಕಿಕೊಂಡು ಬರುವುದಿಲ್ಲ. ಹೊಸ ಕೆರೆಗೆ ಹೋಗುವುದಾದರೆ ಮೀನು ಹಿಡಿಯುವ ಹಕ್ಕು ಟೆಂಡರಿನವರದ್ದೋ ಸಹಕಾರ ಸಂಘದ್ದೋ ಆಗಿರುತ್ತದೆ, ಅವರನ್ನು ಕೇಳಿಯೇ ಗಾಳ ಬಿಡಿ. ಮರಿ ಬಿಟ್ಟ ದಿನಾಂಕ, ಮೀನಿನ ಈಗಿನ ಗಾತ್ರವೂ ಅವರಲ್ಲೇ ಗೊತ್ತಾಗುತ್ತದೆ, ಕೊಕ್ಕೆಯ ನಂಬರನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.