ಆಸ್ಥಾನದ ಪ್ರೇಮಕಥೆಗಳನ್ನು ಕದ್ದು ಓದುತ್ತಿದ್ದೇನೆ

ಪ್ರಶ್ನೆ: ವಯಸ್ಸು 38. ಪಿಯು ಕಾಲೇಜಿನಲ್ಲಿ ಇತಿಹಾಸ ಉಪನ್ಯಾಸಕಿ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದಲ್ಲಿ ನಡೆಯುವ ಪ್ರೇಮ ಕಾದಂಬರಿಗಳ ಹುಚ್ಚು ಹಿಡಿದಿದೆ. ರಾಣಿಯ ಸಖಿಯನ್ನು ಪ್ರೀತಿಸುವ ವ್ಯಾಂಪೈರ್ ಸರದಾರ, ಮಾಟ ಬಲ್ಲ ರಾಣಿ, ಇಂಥವೇ. ಒಮ್ಮೆ ಪತಿ ಮೊಬೈಲ್ ನೋಡಿ ‘ಲೆಕ್ಚರರ್ ಆಗಿ ಇದನ್ನಾ ಓದೋದು?’ ಎಂದು ನಕ್ಕರು. ಅಂದಿನಿಂದ ಎಲ್ಲರೂ ಮಲಗಿದ ಮೇಲೆ ಓದುತ್ತೇನೆ. ಪತಿಯನ್ನು ಕಥಾನಾಯಕನಿಗೆ ಹೋಲಿಸುತ್ತೇನೆಂಬ ಅಳುಕೂ ಇದೆ. ಬಿಟ್ಟುಬಿಡಲೇ?
–ಹೆಸರು, ಊರು ಬೇಡ

ಉತ್ತರ: ಓದು ಬಿಡಬೇಡಿ. ಕದ್ದು ಓದುವುದನ್ನು ಬಿಡಿ.

ನಿಮ್ಮ ಪಾಂಡಿತ್ಯಕ್ಕೆ ಇದರಿಂದ ಕುಂದೇನಿಲ್ಲ. ಹೆನ್ರಿಯ ಎರಡನೇ ರಾಣಿ ಆನ್ ಬೊಲಿನ್ ಮೇಲೆ ಹೊರಿಸಿದ್ದು ವ್ಯಭಿಚಾರ, ರಾಜದ್ರೋಹದ ಆರೋಪ. ಮಾಟದ್ದಲ್ಲ ಎಂದು ನಿಮಗೆ ಗೊತ್ತೇ ಇದೆ. 1536ರ ಮೇ 19ರಂದು ಲಂಡನ್ ಟವರ್‌ನಲ್ಲಿ ಆಕೆಯ ತಲೆ ಕಡಿಸಿದರು. 1542ರ ಫೆಬ್ರುವರಿಯಲ್ಲಿ ಆಕೆಯ ಸೋದರಮಾವನ ಮಗಳು, ಹೆನ್ರಿಯ ಐದನೇ ರಾಣಿ ಕ್ಯಾಥರೀನ್ ಹೊವಾರ್ಡ್‌ಗೂ ಅದೇ ಗತಿ. ಹ್ಯಾಂಪ್ಟನ್ ಕೋರ್ಟ್ ಅರಮನೆಯ ಒಂದು ಪಡಸಾಲೆಯಲ್ಲಿ ಆಕೆಯ ಪ್ರೇತ ಚೀರುತ್ತ ಓಡುತ್ತದೆಂಬ ಪ್ರತೀತಿ ಇಂದಿಗೂ ಇದೆ. ರಾಜನ ಮನಸ್ಸು ತಿರುಗಿದರೆ ರಾಣಿಯ ತಲೆಯೂ ಉಳಿಯದ ಜಾಗ ಅದು. ಅಂಥಲ್ಲಿ ಒಬ್ಬ ಹೆಣ್ಣಿನ ಬೆನ್ನಿಗೆ, ರಾಜನ ಕೊಡಲಿಗೂ ಬಗ್ಗದ ಸಾವಿಲ್ಲದವನನ್ನು ನಿಲ್ಲಿಸಬೇಕೆಂದು ಕಥೆಗಾರರಿಗೆ ಅನಿಸಿದ್ದು ಸಹಜ. ಓದುವ ನಿಮಗೂ ಅದು ಹಿತವೆನಿಸುತ್ತಿರಬೇಕು. ಪುರೂರವ–ಊರ್ವಶಿಯರ ಕಥೆ ಕೇಳಿ ಬೆಳೆದವರು ನಾವು. ಅದಕ್ಕೆ ಕೈಮುಗಿದು ಇದನ್ನು ಹೀಗಳೆಯುವುದು ನನಗಂತೂ ಸರಿ ಕಾಣದು.

ಇನ್ನು ಹೋಲಿಕೆಯ ಮಾತು. ನಾಯಕನ ಯಾವ ಗುಣ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ, ಯೋಚಿಸಿ. ಚೆಲುವು, ಶಕ್ತಿ ಎಂದಾದರೆ ಚಿಂತೆ ಬೇಡ, ಕಥೆ ಮುಗಿದ ಮೇಲೆ ಆ ಗುಂಗು ತಾನೇ ಇಳಿಯುತ್ತದೆ. ಆದರೆ ಇಂಥ ಕಥೆಗಳಲ್ಲಿ ಶತಮಾನಗಳನ್ನು ಕಂಡವನು ಒಬ್ಬಳ ಮಾತನ್ನು ಕೊನೆವರೆಗೂ ಕೂತು ಕೇಳುತ್ತಾನೆ. ನಿಮ್ಮ ಮನಸ್ಸು ಅಲ್ಲಿ ತಂಗಿದ್ದರೆ, ಅದನ್ನು ಪತಿಯಿಂದ ಬಯಸುವುದು ಅಪರಾಧವಲ್ಲ. ‘ನೀವು ನಕ್ಕಿದ್ದು ನೋವಾಯಿತು’ ಎಂದು ನೇರವಾಗಿ ಹೇಳಿ. ಊಟದ ಹೊತ್ತಿಗೆ ಆ ಕ್ಯಾಥರೀನಳ ನಿಜವಾದ ಕಥೆ ತೆಗೆಯಿರಿ, ಕ್ಲಾಸಿನಲ್ಲಿ ಹೇಳುವ ಹಾಗೆಯೇ. ಆಮೇಲೆ ಕಾದಂಬರಿಯ ವಿಷಯಕ್ಕೆ ಬನ್ನಿ. ಅವರಿಗೆ ರುಚಿಸದಿದ್ದರೆ ಬೇಡ, ಗೇಲಿ ಮಾಡಬೇಡಿ ಎನ್ನುವ ಹಕ್ಕು ನಿಮಗಿದೆ.

ನಡುರಾತ್ರಿ ನಿದ್ದೆಗೆಡುವುದು ಮಾತ್ರ ಬೇಡ. ಸಂಜೆ ಕಾಲೇಜಿನಿಂದ ಬಂದು ಕಾಫಿ ಕುಡಿದ ಮೇಲೆ, ಹಾಲ್‌ನಲ್ಲೇ ಕೂತು, ಮನೆಯವರ ಎದುರಿಗೇ ಓದಿ.