ನ್ಯೂರೆಂಬರ್ಗ್ ಸಂತೆಯ ಬರಹ: ತಿದ್ದಿ ಮತ್ತೆ ಕಳಿಸಿ

ಪ್ರಿಯರೇ, ನಮಸ್ಕಾರ.

ಮ್ಯೂನಿಕ್‌ನಿಂದ ಗೆಳತಿಯ ಜೊತೆ ಶನಿವಾರ-ಭಾನುವಾರ ನ್ಯೂರೆಂಬರ್ಗಿನ ಕ್ರಿಸ್‌ಮಸ್ ಸಂತೆಗೆ ಹೋಗಿಬಂದ ನಿಮ್ಮ ಬರಹ ತಲುಪಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮ್ಮ ಆರನೇ ಪುಟ ನಮಗೆ ತುಂಬಾ ಹಿಡಿಸಿತು. ಅದಕ್ಕಾಗಿಯೇ ಒಂದು ಸಾಲಿನ ವಿಷಾದಪತ್ರ ಬರೆಯದೆ ಇಷ್ಟುದ್ದ ಬರೆಯುತ್ತಿದ್ದೇವೆ.

ಆ ಪುಟದಲ್ಲಿ ನಿಮ್ಮ ಗೆಳತಿ ಸಾಸೇಜಿನ ಸಾಲಿನಲ್ಲಿ ನಿಲ್ಲದೆ, ತನಗೆ ತಿನ್ನಲು ಏನು ಸಿಕ್ಕೀತು ಎಂದು ಮಳಿಗೆಯಿಂದ ಮಳಿಗೆಗೆ ಅಲೆಯುತ್ತಾಳೆ. ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿಯುವ ಮಳಿಗೆಯ ಮುಂದೆ ನಿಂತು, "ಇದಕ್ಕೆ ಮೊಟ್ಟೆ ಹಾಕಿರ್ತಾರಾ?" ಎಂದು ಕೇಳುತ್ತಾಳೆ. ಇಡೀ ಬರಹದಲ್ಲಿ ಅವಳ ಬಾಯಿಂದ ಬಂದ ಮಾತು ಅದೊಂದೇ. ಉಳಿದ ಕಡೆಯೆಲ್ಲ ನಾವು ಹೋದೆವು, ನಾವು ನೋಡಿದೆವು, ನಾವು ಆನಂದಿಸಿದೆವು. ಇಬ್ಬರು ಹೋದ ಪ್ರವಾಸದಲ್ಲಿ ಒಬ್ಬರೇ ಇದ್ದಂತಾಗಿದೆ.

ಹಾಗಾಗಿ ಮೊದಲ ಕೆಲಸ: "ನಾವು" ಬಂದ ಪ್ರತಿ ವಾಕ್ಯಕ್ಕೂ ಗುರುತು ಹಾಕಿ, ಅಲ್ಲಿ ನಿಜಕ್ಕೂ ಯಾರು ಏನು ಮಾಡಿದರು ಎಂದು ಕೇಳಿಕೊಳ್ಳಿ. ಸಂತೆ ಸಾಕು, ಕೋಟೆಗೆ ಹೋಗೋಣ ಎಂದವರು ಯಾರು? ಚಳಿಗೆ ಮೊದಲು ಸೋತವರು ಯಾರು? ನೆನಪಿಲ್ಲದಿದ್ದರೆ ಕಲ್ಪಿಸಬೇಡಿ, ಅವಳಿಗೇ ಫೋನ್ ಮಾಡಿ. ಅವಳ ನೆನಪು ನಿಮ್ಮದಕ್ಕಿಂತ ಬೇರೆಯಾಗಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಮೊಟ್ಟೆಯ ಪ್ರಶ್ನೆಗೆ ಉತ್ತರವನ್ನೂ ಬರೆಯಿರಿ. ಆ ಕರಿದ ಆಲೂಗಡ್ಡೆಯನ್ನು ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ, ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಸೇರಿರುತ್ತದೆ. ಲೆಬ್‌ಕೂಖನ್ ಎಂಬ ಮಸಾಲೆ ಬಿಸ್ಕತ್ತಿನ ಉತ್ತಮ ಬಗೆಯಾದ ಎಲಿಸೆನ್‌ನಲ್ಲೂ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರಿಗೆ ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ಇವೆ. ಜರ್ಮನಿಗೆ ಓದಲು, ಕೆಲಸಕ್ಕೆ ಹೋಗಿರುವ ನಮ್ಮ ಓದುಗರಲ್ಲಿ ಅನೇಕರು ಇದನ್ನೇ ಹುಡುಕುತ್ತಿರುತ್ತಾರೆ.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ಬ್ಯಾಗಿಗೆ ಏನೇನು ತುಂಬಿದಿರಿ, ಅಲಾರಾಂ ಎಷ್ಟು ಹೊತ್ತಿಗೆ ಬಡಿಯಿತು ಎಂಬುದರಿಂದ ಮುಂದೆ ಏನೂ ಹುಟ್ಟುವುದಿಲ್ಲ. ಅಲ್ಲೊಂದು ಅಪಾಯಕಾರಿ ತಪ್ಪೂ ಇದೆ: ಬವೇರಿಯಾ ರಾಜ್ಯದೊಳಗೆ ಒಂದು ದಿನ ಓಡಾಡಲು ಕೊಡುವ ಬವೇರಿಯಾ ಟಿಕೆಟ್ ಹಿಡಿದು ಐಸಿಇ ಎಂಬ ವೇಗದ ರೈಲು ಹತ್ತಿದಿರಿ ಎಂದು ಬರೆದಿದ್ದೀರಿ. ಆ ಟಿಕೆಟ್ ಪ್ರಾದೇಶಿಕ ರೈಲುಗಳಿಗೆ ಮಾತ್ರ. ಶನಿವಾರ, ಭಾನುವಾರ ನಡುರಾತ್ರಿಯಿಂದಲೇ ಚಾಲ್ತಿ, ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ. ನಿಮ್ಮ ಮಾತು ನಂಬಿ ಯಾರಾದರೂ ಐಸಿಇ ಹತ್ತಿದರೆ ದಂಡ ಕಟ್ಟಬೇಕಾಗುತ್ತದೆ. ನೀವು ಹೋದದ್ದು ಇಂಗೋಲ್‌ಸ್ಟಾಟ್ ಮೇಲಿನ ಪ್ರಾದೇಶಿಕ ರೈಲಿನಲ್ಲಿ ಇರಬೇಕು, ಟಿಕೆಟ್ ತೆಗೆದು ನೋಡಿ.

ಇನ್ನು ಸಂತೆಯ ವಿವರಗಳು. "1628ರಿಂದ ಒಂದು ವರ್ಷವೂ ತಪ್ಪದೆ ನಡೆದಿದೆ" ಎಂಬುದು ಸರಿಯಲ್ಲ. 1628 ಸಂತೆ ಆರಂಭವಾದ ವರ್ಷವೂ ಅಲ್ಲ. ಸಂತೆಯ ಹೆಸರು, ಆ ಇಸವಿ ಎರಡೂ ಇರುವ ಒಂದು ಮರದ ಡಬ್ಬಿ ಉಳಿದಿದೆ, ಸಂತೆ ಆಗಲೇ ಇತ್ತು ಎಂದಷ್ಟೇ ಅದು ಹೇಳುತ್ತದೆ. ಅದನ್ನು ಅದೇ ಊರಿನ ಜರ್ಮಾನಿಷಸ್ ನ್ಯಾಷನಲ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಸಂತೆ ನಿಂತಿತ್ತು. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಹಳೆಯ ಊರು ನೆಲಸಮವಾಯಿತು, ಸಂತೆ ಮತ್ತೆ ಶುರುವಾದದ್ದು 1948ರಲ್ಲಿ. ಕೋವಿಡ್‌ನಿಂದಾಗಿ 2020, 2021ರಲ್ಲೂ ನಡೆಯಲಿಲ್ಲ. ಹೀಗೆ ನಿಂತು ಮತ್ತೆ ಎದ್ದದ್ದನ್ನು ಬರೆದರೆ ಸಂತೆಯ ಮೇಲೆ ಓದುಗರಿಗೆ ಪ್ರೀತಿ ಹೆಚ್ಚುತ್ತದೆ.

ಇನ್ನೊಂದು ಗಂಭೀರ ವಿಷಯ. ಶನಿವಾರ ಸಂಜೆ ಚರ್ಚಿನ ಬಾಲ್ಕನಿಯಿಂದ ಕ್ರಿಸ್ಟ್‌ಕಿಂಡ್ ಎಂಬ ವೇಷಧಾರಿ ಉದ್ಘಾಟನೆಯ ಮಾತಾಡಿದ್ದನ್ನು ಕೇಳಿದಿರಿ ಎಂದಿದ್ದೀರಿ. ಅದು ನಡೆಯುವುದು ಮೊದಲ ಅಡ್ವೆಂಟ್ ಭಾನುವಾರದ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು) ಹಿಂದಿನ ಶುಕ್ರವಾರ, ಸಂಜೆ ಐದೂವರೆಗೆ. ನೀವು ಊರಿಗೆ ಬಂದದ್ದೇ ಶನಿವಾರ. ವಿಡಿಯೊದಲ್ಲಿ ನೋಡಿದ್ದರೆ ಹಾಗೆಂದೇ ಬರೆಯಿರಿ, ಇಲ್ಲವೇ ಬಿಡಿ. ಕಾಣದ್ದನ್ನು ಕಂಡೆ ಎಂದ ಪ್ರವಾಸ ಬರಹವನ್ನು ನಾವು ಅಚ್ಚು ಹಾಕುವುದಿಲ್ಲ. ಕ್ರಿಸ್ಟ್‌ಕಿಂಡ್ "ಬಾಲಯೇಸುವಿನ ವೇಷ ಹಾಕಿದ ಮಗು" ಕೂಡ ಅಲ್ಲ. ಎರಡು ವರ್ಷಕ್ಕೊಮ್ಮೆ ಆರಿಸುವ, ಹದಿನಾರರಿಂದ ಹತ್ತೊಂಬತ್ತರ ವಯಸ್ಸಿನ ಆ ಊರಿನದೇ ಹುಡುಗಿ. ಹೊನ್ನಿನ ಬಣ್ಣದ ಗುಂಗುರು ಕೂದಲು, ತಲೆಯ ಮೇಲೆ ಕಿರೀಟ. ಅಷ್ಟು ಎತ್ತರದಲ್ಲಿ ನಿಂತು ಮಾತಾಡಬೇಕಾದ್ದರಿಂದ ಅವಳಿಗೆ ಎತ್ತರದ ಭಯ ಇರಕೂಡದು ಎಂಬ ಷರತ್ತೂ ಇದೆ.

ನಿಮ್ಮ ಬರಹ ಆರಂಭವಾಗಬೇಕಾದ ಜಾಗ ನಾಲ್ಕನೇ ಪುಟದಲ್ಲಿದೆ: ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆ, ಹಾಪ್ಟ್‌ಮಾರ್ಕ್ಟ್ ಚೌಕದಲ್ಲಿ ಎಲ್ಲರೂ ಕತ್ತೆತ್ತಿ ಫ್ರೌಎನ್‌ಕಿರ್ಶೆ ಚರ್ಚಿನ ಗಡಿಯಾರ ನೋಡುತ್ತಿದ್ದಾರೆ. ಅಲ್ಲಿ ಕುಳಿತಿರುವ ಚಕ್ರವರ್ತಿಯ ಗೊಂಬೆಯನ್ನು ಏಳು ಗೊಂಬೆಗಳು ಮೂರು ಸುತ್ತು ಬರುತ್ತವೆ. ನೀವು ಅದನ್ನು "ಮುದ್ದಾದ ಗೊಂಬೆಯಾಟ" ಎಂದು ಬಿಟ್ಟಿದ್ದೀರಿ. ಆ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್, ಸುತ್ತುವವರು ಚಕ್ರವರ್ತಿಯನ್ನು ಆರಿಸುವ ಹಕ್ಕು ಪಡೆದಿದ್ದ ಏಳು ಮಂದಿ. ಆ ಹಕ್ಕನ್ನು ಶಾಸನ ಮಾಡಿದ 1356ರ ಗೋಲ್ಡನ್ ಬುಲ್‌ನ ನೆನಪಿಗಾಗಿ ಈ ಯಂತ್ರ. ಅದೇ ಚಾರ್ಲ್ಸ್ 1349ರಲ್ಲಿ ಈ ಜಾಗದಲ್ಲಿದ್ದ ಯಹೂದಿ ಕೇರಿಯನ್ನು ಕೆಡವಲು ಒಪ್ಪಿಗೆ ಕೊಟ್ಟ. ಕೇರಿಯ ನೂರಾರು ಜನರನ್ನು ಕೊಂದರು. ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಇದ್ದ ನೆಲದ ಮೇಲೆ ಈ ಚರ್ಚ್ ಎದ್ದಿತು, ಬಯಲಾದ ಜಾಗ ಮಾರುಕಟ್ಟೆಯಾಯಿತು. ಇದನ್ನು ಪಾಠದಂತೆ ಹೇಳಬೇಡಿ, ಗೊಂಬೆಗಳು ತಿರುಗುತ್ತಿರುವಾಗಲೇ ಎರಡು ಮೂರು ವಾಕ್ಯದಲ್ಲಿ ಬರಲಿ. ಹಬ್ಬದ ಬರಹಕ್ಕೆ ಇದು ಯಾಕೆ ಎಂದು ನಿಮಗೆ ಅನ್ನಿಸಬಹುದು. ನಿಂತ ನೆಲ ಯಾವುದೆಂದು ತಿಳಿದವರ ಬರಹವನ್ನು ಓದುಗರು ಉಳಿದ ವಿಷಯಗಳಲ್ಲೂ ನಂಬುತ್ತಾರೆ.

"ಮಾಯಾಲೋಕ", "ಸ್ವರ್ಗ", "ರುಚಿಕರ" ಇವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಅಳತೆ ಬರೆಯಿರಿ. ಇಲ್ಲಿನ ಸಾಸೇಜ್ ಏಳರಿಂದ ಒಂಬತ್ತು ಸೆಂಟಿಮೀಟರ್ ಉದ್ದ, 20ರಿಂದ 25 ಗ್ರಾಂ ತೂಕ. ಅದಕ್ಕೇ ಒಂದು ಬನ್ನಿನಲ್ಲಿ ಮೂರು ಇಡುತ್ತಾರೆ. ಎಲಿಸೆನ್ ಲೆಬ್‌ಕೂಖನ್‌ನಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಬಾದಾಮಿ, ಹೇಝಲ್‌ನಟ್ ಅಥವಾ ಅಕ್ರೋಟು, ಹಿಟ್ಟು ಹೆಚ್ಚೆಂದರೆ ನೂರಕ್ಕೆ ಹತ್ತು. ಹಿಟ್ಟು ಇಷ್ಟು ಕಡಿಮೆಯಾದ್ದರಿಂದ ಹದ ಜಿಗುಟಾಗಿ ತಟ್ಟೆಗೆ ಅಂಟುತ್ತದೆ, ಹಾಗಾಗಿ ತೆಳು ಹಾಳೆಯಂಥ ವೇಫರ್ ಮೇಲೆ ಇಟ್ಟು ಬೇಯಿಸುತ್ತಾರೆ. ಕಾರಣ ಗೊತ್ತಾದರೆ ರುಚಿಯನ್ನು ನೀವು ಹೊಗಳಬೇಕಿಲ್ಲ. ಗ್ಲೂವೈನ್ (ಮಸಾಲೆ ಹಾಕಿದ ಬಿಸಿ ವೈನ್) ಕೊಡುವ ಮಗ್ "ಉಚಿತ ಉಡುಗೊರೆ"ಯಲ್ಲ, ಪಾನೀಯದ ಬೆಲೆಯೊಂದಿಗೆ ಠೇವಣಿ ಕಟ್ಟಿರುತ್ತೀರಿ. ವಾಪಸ್ ಕೊಟ್ಟರೆ ಹಣ ಸಿಗುತ್ತದೆ, ಇಟ್ಟುಕೊಂಡರೆ ಠೇವಣಿ ಹೋಗುತ್ತದೆ.

"ಆರು ಗಂಟೆಗೆ ಸೂರ್ಯ ಮುಳುಗಿದ" ಎಂಬುದನ್ನೂ ತಿದ್ದಿ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂಕಾಲಿನ ಸುಮಾರಿಗೇ ಮುಳುಗುತ್ತಾನೆ. ಭಾನುವಾರ ಅಂಗಡಿಯಲ್ಲಿ ಜಾಕೆಟ್ ಕೊಂಡ ದೃಶ್ಯವೂ ಅನುಮಾನ. ಬವೇರಿಯಾದಲ್ಲಿ ಭಾನುವಾರ ಬಟ್ಟೆ ಅಂಗಡಿಗಳು ಮುಚ್ಚಿರುತ್ತವೆ, ಅದು ಶನಿವಾರವೇ ಎಂದು ರಸೀದಿ ನೋಡಿ ಖಚಿತಪಡಿಸಿಕೊಳ್ಳಿ.

1,200 ಪದಗಳ ಒಳಗೆ, ಯೂನಿಕೋಡ್‌ನಲ್ಲಿ ಕಳಿಸಿ. ಜರ್ಮನ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಒಂದೇ ರೀತಿ ಬರೆಯಿರಿ, ಈಗ ಊರಿನ ಹೆಸರೇ ಮೂರು ಬಗೆಯಲ್ಲಿದೆ. ಚಿತ್ರಗಳು ನಾಲ್ಕು ಸಾಕು. ಗೆಳತಿ ಇರುವ ಚಿತ್ರಕ್ಕೆ ಅವಳ ಒಪ್ಪಿಗೆ ಬೇಕು. ಲಾಂದ್ರ ಹಿಡಿದ ಮಕ್ಕಳ ಮುಖ ಹತ್ತಿರದಿಂದ ತೆಗೆದ ಚಿತ್ರವನ್ನು ಪೋಷಕರ ಒಪ್ಪಿಗೆ ಇಲ್ಲದೆ ಹಾಕಲಾಗದು, ಅದರ ಬದಲು ಕೆಂಪು-ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಮಳಿಗೆಗಳ ಸಾಲಿನ ಚಿತ್ರ ಕಳಿಸಿ. ಡಿಸೆಂಬರ್ ಸಂಚಿಕೆಗೆ ಬೇಕೆಂದರೆ ಅಕ್ಟೋಬರ್ ಕೊನೆಯೊಳಗೆ ನಮ್ಮ ಕೈಸೇರಬೇಕು.

ವಿಶ್ವಾಸದಿಂದ,
ಸಂಪಾದಕರು