ಬಿದ್ದವನ ನೋವು, ಓಡುವ ಗಡಿಯಾರ

ಪ್ರಶ್ನೆ: ಒಂದು ಗೋಲಿನ ಮುನ್ನಡೆ ಸಿಕ್ಕಿದ ಕೂಡಲೇ ಕೆಲವು ಫುಟ್‌ಬಾಲ್ ತಂಡಗಳ ಆಟಗಾರರು ಪದೇ ಪದೇ ನೆಲಕ್ಕೆ ಬೀಳುತ್ತಾರೆ, ಒಂದು ಥ್ರೋ-ಇನ್‌ಗೆ ಅರ್ಧ ನಿಮಿಷ ತೆಗೆದುಕೊಳ್ಳುತ್ತಾರೆ. ಇದನ್ನು ತಡೆಯಲು ನಿಯಮಗಳೇ ಇಲ್ಲವೇ? ಇದ್ದರೆ ಅವು ಏಕೆ ಫಲ ಕೊಡುತ್ತಿಲ್ಲ?

ಉತ್ತರ: ನಿಯಮಗಳಿವೆ, ಅವುಗಳಲ್ಲಿ ಕೆಲವು ಶತಮಾನಕ್ಕಿಂತಲೂ ಹಳೆಯವು. 1891ರಲ್ಲಿ ಆಸ್ಟನ್ ವಿಲ್ಲಾ ವಿರುದ್ಧ ಒಂದು ಗೋಲಿನಿಂದ ಹಿಂದಿದ್ದ ಸ್ಟೋಕ್ ತಂಡಕ್ಕೆ ಆಟ ಮುಗಿಯಲು ಎರಡೇ ನಿಮಿಷವಿರುವಾಗ ಪೆನಾಲ್ಟಿ ದೊರೆಯಿತೆಂದೂ, ವಿಲ್ಲಾದ ಗೋಲ್‌ಕೀಪರ್ ಚೆಂಡನ್ನು ಮೈದಾನದ ಆಚೆಗೇ ಒದ್ದುಬಿಟ್ಟನೆಂದೂ, ಅದನ್ನು ಹುಡುಕಿ ತರುವಷ್ಟರಲ್ಲಿ ಹೊತ್ತು ಮೀರಿಹೋಯಿತೆಂದೂ ಇಂಗ್ಲೆಂಡಿನ ಫುಟ್‌ಬಾಲ್ ಇತಿಹಾಸವನ್ನು ಬಲ್ಲವರು ಇಂದಿಗೂ ಹೇಳುತ್ತಾರೆ. ಕಳೆದುಹೋದ ಸಮಯವನ್ನು ರೆಫರಿ ಕೂಡಿಸಿಕೊಡಬೇಕೆಂಬ ನಿಯಮದ ಹುಟ್ಟನ್ನು ಅವರು ಗುರುತಿಸುವುದು ಈ ಪ್ರಸಂಗದಲ್ಲಿಯೇ. ಇಂದು ಆಟದ ಹದಿನೇಳು ನಿಯಮಗಳ ಪೈಕಿ ಏಳನೆಯದು, ಬದಲಿ ಆಟಗಾರರ ಪ್ರವೇಶ, ಗಾಯಾಳುವಿನ ತಪಾಸಣೆ, ಕಾರ್ಡ್ ತೋರಿಸುವಾಗ ಆದ ತಡ, ವಿಎಆರ್ (ವಿಡಿಯೊ ನೋಡಿ ನೆರವಾಗುವ ಸಹಾಯಕ ರೆಫರಿ) ಪರಿಶೀಲನೆ, ಗೋಲಿನ ಸಂಭ್ರಮ ಮತ್ತು ಬೇಕೆಂದೇ ಮಾಡಿದ ವಿಳಂಬ ಇವೆಲ್ಲಕ್ಕೂ ಸಮಯ ಸೇರಿಸಬೇಕೆಂದು ಹೇಳುತ್ತದೆ. ಆಟವನ್ನು ಮತ್ತೆ ಆರಂಭಿಸಲು ತಡಮಾಡುವವನಿಗೂ, ಗಾಯವಾದಂತೆ ನಟಿಸಿ ರೆಫರಿಯನ್ನು ವಂಚಿಸಲು ಯತ್ನಿಸುವವನಿಗೂ ಹನ್ನೆರಡನೆಯ ನಿಯಮದ ಪ್ರಕಾರ ಹಳದಿ ಕಾರ್ಡ್ ಕಾದಿರುತ್ತದೆ.

ಆದರೂ ಚಾಳಿ ನಿಂತಿಲ್ಲ, ಏಕೆಂದರೆ ಸಮಯ ಕೊಲ್ಲುವ ತಂಡ ಕದಿಯುವುದು ನಿಮಿಷಗಳನ್ನು ಮಾತ್ರವಲ್ಲ. ಹಿಂದಿರುವ ತಂಡ ಸತತವಾಗಿ ದಾಳಿ ನಡೆಸುತ್ತ, ಎದುರಾಳಿಯನ್ನು ಪೆನಾಲ್ಟಿ ಪ್ರದೇಶದೊಳಗೇ ಕೂಡಿಹಾಕಿ ಉಸಿರಾಡಲು ಬಿಡದೆ ಒತ್ತುತ್ತಿರುವ ಹೊತ್ತಿನಲ್ಲಿ ಒಬ್ಬ ಆಟಗಾರ ಮೊಣಕಾಲು ಹಿಡಿದು ಬಿದ್ದನೆಂದರೆ, ರೆಫರಿ ಆ ಒಂದೂವರೆ ನಿಮಿಷವನ್ನು ಕೊನೆಯಲ್ಲಿ ಚಾಚೂ ತಪ್ಪದೆ ಹಿಂದಿರುಗಿಸಬಹುದು, ಆದರೆ ಆ ಕ್ಷಣದ ಬಿಸಿಯನ್ನು ಹಿಂದಿರುಗಿಸಲಾರ. ದಣಿದ ರಕ್ಷಣಾ ಆಟಗಾರರು ಅಷ್ಟರಲ್ಲಿ ನೀರು ಕುಡಿದು, ತಮ್ಮ ತಮ್ಮ ಜಾಗ ಸರಿಪಡಿಸಿಕೊಂಡಿರುತ್ತಾರೆ. ಇದಲ್ಲದೆ, ಥ್ರೋ-ಇನ್ ಮತ್ತು ಗೋಲ್ ಕಿಕ್‌ಗಳಲ್ಲಿ ಆಟ ನಿಲ್ಲುವುದು ಸಹಜವೆಂದು ಪರಿಗಣಿಸಿ, ವಿಳಂಬ ಅತಿಯಾದಾಗ ಮಾತ್ರ ಸಮಯ ಸೇರಿಸುವ ರೂಢಿಯಿದೆ. ಹತ್ತು ಸೆಕೆಂಡು ಇಲ್ಲಿ, ಹದಿನೈದು ಸೆಕೆಂಡು ಅಲ್ಲಿ ಎಂದು ನಷ್ಟವಾದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಶಿಕ್ಷೆಯ ಪ್ರಮಾಣವೂ ಒಂದು ಕಾರಣ. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಆರು ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿದಿರಬಾರದೆಂಬ ನಿಯಮ ಹಲವು ವರ್ಷ ಪುಸ್ತಕದಲ್ಲಿದ್ದರೂ ಅದನ್ನು ಜಾರಿಗೊಳಿಸಿದ ರೆಫರಿಗಳು ಬಹಳ ವಿರಳ. ತಪ್ಪಿದರೆ ಪೆನಾಲ್ಟಿ ಪ್ರದೇಶದೊಳಗೇ ಎದುರಾಳಿಗೆ ಪರೋಕ್ಷ ಫ್ರೀ ಕಿಕ್ ಕೊಡಬೇಕಿತ್ತು. ಎರಡು ಸೆಕೆಂಡಿನ ತಪ್ಪಿಗೆ ಅಷ್ಟು ದೊಡ್ಡ ದಂಡ ವಿಧಿಸಲು ಯಾರ ಮನಸ್ಸೂ ಒಪ್ಪುತ್ತಿರಲಿಲ್ಲ. ನಿಯಮಗಳನ್ನು ರೂಪಿಸುವ ಇಫ್ಯಾಬ್ ಸಂಸ್ಥೆ 2025ರಲ್ಲಿ ಮಿತಿಯನ್ನು ಎಂಟು ಸೆಕೆಂಡಿಗೆ ಏರಿಸಿ, ದಂಡವನ್ನು ಕಾರ್ನರ್ ಕಿಕ್‌ಗೆ ಇಳಿಸಿತು. ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಬೆರಳೆಣಿಸಿ ತೋರಿಸಬೇಕು. ದಂಡ ಹಗುರವಾದದ್ದರಿಂದಲೇ ಈ ನಿಯಮಕ್ಕೆ ಹಲ್ಲು ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಟಿವಿಯಲ್ಲಿ ನೋಡುವ ನಮಗೇ ನಾಟಕವೆಂದು ತಿಳಿಯುತ್ತದೆ. ಹೀಗಿರುವಾಗ ರೆಫರಿ ಅಲ್ಲಿಯೇ ಕಾರ್ಡ್ ತೋರಿಸಿ, ಆಟವನ್ನು ನಿಲ್ಲಿಸದೆ ಮುಂದುವರಿಸಬಾರದೇಕೆ?

ಉತ್ತರ: ಕೆಲವೊಮ್ಮೆ ನಿಮಗೆ ತಿಳಿದದ್ದು ನಿಜವೇ ಆಗಿರುತ್ತದೆ. 2002ರ ವಿಶ್ವಕಪ್‌ನಲ್ಲಿ ಟರ್ಕಿ ವಿರುದ್ಧದ ಪಂದ್ಯದ ಕೊನೆಯಲ್ಲಿ ಬ್ರೆಜಿಲ್‌ನ ರಿವಾಲ್ಡೊ ಕಾರ್ನರ್ ಧ್ವಜದ ಬಳಿ ನಿಂತಿದ್ದಾಗ, ಎದುರಾಳಿ ಹಕನ್ ಉನ್ಸಾಲ್ ಒದ್ದ ಚೆಂಡು ಅವನ ಕಾಲಿಗೆ ಬಡಿಯಿತು; ರಿವಾಲ್ಡೊ ಮುಖ ಮುಚ್ಚಿಕೊಂಡು ಕುಸಿದ. ಉನ್ಸಾಲ್ ಎರಡನೆಯ ಹಳದಿ ಕಾರ್ಡ್ ಪಡೆದು ಹೊರನಡೆಯಬೇಕಾಯಿತು. ಫಿಫಾ ಆಮೇಲೆ ರಿವಾಲ್ಡೊಗೆ ದಂಡ ವಿಧಿಸಿತಾದರೂ ಆ ಪಂದ್ಯ ಟರ್ಕಿಗೆ ಮರಳಲಿಲ್ಲ. ಇದಕ್ಕೂ ಘೋರವಾದದ್ದು 1989ರ ಸೆಪ್ಟೆಂಬರ್‌ನಲ್ಲಿ ಮರಕಾನಾ ಕ್ರೀಡಾಂಗಣದಲ್ಲಿ ನಡೆಯಿತು. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಬ್ರೆಜಿಲ್ ಎದುರು ಚಿಲಿ ಹಿಂದಿದ್ದಾಗ, ಪ್ರೇಕ್ಷಕರ ಕಡೆಯಿಂದ ಬಂದ ಉರಿಯುವ ಹೊಗೆಬತ್ತಿಯೊಂದು ಗೋಲ್‌ಕೀಪರ್ ರೊಬೆರ್ಟೊ ರೋಹಾಸ್ ಸಮೀಪ ಬಿತ್ತು. ರೋಹಾಸ್ ಮುಖದಲ್ಲಿ ರಕ್ತ ಸುರಿಯುತ್ತಿತ್ತು. ಚಿಲಿ ತಂಡ ಮೈದಾನ ಬಿಟ್ಟು ಹೊರಟಿತು. ಹೊಗೆಬತ್ತಿ ಅವನಿಗೆ ತಗುಲಿರಲೇ ಇಲ್ಲವೆಂಬುದು ಛಾಯಾಚಿತ್ರಗಳಿಂದ ಬಯಲಾಯಿತು. ಕೈಗವಸಿನಲ್ಲಿ ಬಚ್ಚಿಟ್ಟಿದ್ದ ಬ್ಲೇಡಿನಿಂದ ಅವನು ತನ್ನ ಹಣೆಯನ್ನು ತಾನೇ ಕೊಯ್ದುಕೊಂಡಿದ್ದ. ಅವನಿಗೆ ಆಜೀವ ನಿಷೇಧ ಬಿತ್ತು, 2001ರಲ್ಲಿ ಅದನ್ನು ತೆರವುಗೊಳಿಸಲಾಯಿತು. ಚಿಲಿಗೆ 1994ರ ವಿಶ್ವಕಪ್‌ನ ಬಾಗಿಲು ಮುಚ್ಚಿತು.

ಇಂಥವು ಬಯಲಾದದ್ದು ಛಾಯಾಚಿತ್ರ ಮತ್ತು ಮರುಪ್ರದರ್ಶನಗಳಿಂದ ಎಂಬುದನ್ನು ಗಮನಿಸಿ. ಮೈದಾನದ ನಡುವೆ ನಿಂತವನ ಸ್ಥಿತಿ ಬೇರೆ. ನಾನು ಹಲವು ವರ್ಷ ಹವ್ಯಾಸಿ ತಂಡಗಳ ಪಂದ್ಯಗಳಿಗೆ ರೆಫರಿಯಾಗಿದ್ದವನು. ಒಮ್ಮೆ ಮುನ್ನಡೆಯಲ್ಲಿದ್ದ ತಂಡದ ಹುಡುಗನೊಬ್ಬ ಪಂದ್ಯ ಮುಗಿಯುವ ಹೊತ್ತಿಗೆ ಪಾದ ಹಿಡಿದು ಕುಳಿತ. ಅದೇ ತಂಡದ ಇಬ್ಬರು ಅದಕ್ಕೂ ಮೊದಲು ಸುಳ್ಳುಸುಳ್ಳೇ ಬಿದ್ದು ಎದ್ದಿದ್ದರಿಂದ ನಾನು ಅವನ ಬಳಿಗೆ ಹೋಗಿ, ಕೈಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸಿ, ಏಳು ಎಂದು ಗದರಿದೆ. ಅವನು ಎದ್ದು ಎರಡು ಹೆಜ್ಜೆ ಇಟ್ಟ, ಮೂರನೆಯದಕ್ಕೆ ಬಿಳುಚಿಕೊಂಡು ಕುಸಿದ. ಕಾಲುಚೀಲ ಸರಿಸಿದಾಗ ಕಣಕಾಲು ಊದಿ ಒಂದು ಪಕ್ಕಕ್ಕೆ ವಾಲಿತ್ತು, ಮೂಳೆ ಮುರಿದಿತ್ತು. ಆ ಎರಡು ಹೆಜ್ಜೆಗಳನ್ನು ಇಡಿಸಿದವನು ನಾನು. ಅಂದಿನಿಂದ ನೋವಿನ ನಿಜ ಸುಳ್ಳನ್ನು ನಾನು ತೀರ್ಮಾನಿಸಬಲ್ಲೆ ಎಂಬ ನಂಬಿಕೆಯನ್ನು ಬಿಟ್ಟುಬಿಟ್ಟಿದ್ದೇನೆ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಹೃದಯಸ್ತಂಭನದಿಂದ ಕುಸಿದಾಗ ಯಾರೂ ಅವರನ್ನು ತಳ್ಳಿರಲಿಲ್ಲ, ಒದ್ದಿರಲಿಲ್ಲ. ರೆಫರಿ ಆಂಥನಿ ಟೇಲರ್ ಕ್ಷಣಮಾತ್ರದಲ್ಲಿ ಆಟ ನಿಲ್ಲಿಸಿ ವೈದ್ಯರನ್ನು ಕರೆದರು. ನಟನೆಯ ಮೇಲಿನ ಸಿಟ್ಟು ರೆಫರಿಯ ಕೈಯನ್ನು ಐದು ಸೆಕೆಂಡು ತಡೆದರೂ ಅದರ ಬೆಲೆ ಒಂದು ಜೀವವಾಗಬಹುದು. ಆದ್ದರಿಂದ, ಬಿದ್ದವನು ನಟಿಸುತ್ತಿದ್ದಾನೆಯೇ ಎಂದು ಕೇಳುವುದಕ್ಕಿಂತ, ಬಿದ್ದುದರಿಂದ ಅವನ ತಂಡಕ್ಕೆ ಲಾಭವಾಗದಂತೆ ಮಾಡುವುದು ಹೇಗೆ ಎಂದು ಕೇಳುವುದೇ ಸರಿಯಾದ ದಾರಿ. ಫೌಲ್ ಆದಂತೆ ನಟಿಸಿ ಪೆನಾಲ್ಟಿ ಗಿಟ್ಟಿಸಿದವರ ವಿಚಾರಣೆ ಪಂದ್ಯದ ನಂತರ ನಡೆಯಲಿ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 2017-18ರ ಋತುವಿನಿಂದ ಮೂವರ ಸಮಿತಿಯೊಂದಕ್ಕೆ ದೃಶ್ಯಾವಳಿಯನ್ನು ಒಪ್ಪಿಸಿ, ಮೂವರೂ ಒಮ್ಮತದಿಂದ ವಂಚನೆಯೆಂದು ಹೇಳಿದರೆ ಎರಡು ಪಂದ್ಯಗಳ ನಿಷೇಧ ವಿಧಿಸುವ ಕ್ರಮವನ್ನು ತಂದಿತು. ಅದು ನ್ಯಾಯವಾದ ಏರ್ಪಾಡು.

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾಡುವಂತೆ ಆಟ ನಿಂತಾಗಲೆಲ್ಲ ಗಡಿಯಾರವನ್ನೂ ನಿಲ್ಲಿಸಿಬಿಟ್ಟರೆ ಸಮಸ್ಯೆ ಮುಗಿಯುವುದಿಲ್ಲವೇ?

ಉತ್ತರ: ಅರ್ಧ ಮುಗಿಯುತ್ತದೆ. ಫಿಫಾದ ಆಶ್ರಯದಲ್ಲಿಯೇ ಐದೈದು ಜನರ ತಂಡಗಳು ಚಿಕ್ಕ ಅಂಕಣದಲ್ಲಿ ಆಡುವ ಫುಟ್ಸಾಲ್‌ನಲ್ಲಿ ಇಪ್ಪತ್ತು ನಿಮಿಷಗಳ ಎರಡು ಅವಧಿಗಳಿದ್ದು, ಚೆಂಡು ಆಟದಿಂದ ಹೊರಗಿದ್ದಾಗ ಗಡಿಯಾರ ನಿಲ್ಲುತ್ತದೆ. ದೊಡ್ಡ ಮೈದಾನದ ಆಟಕ್ಕೂ ಮೂವತ್ತು ನಿಮಿಷಗಳ ಎರಡು ಅವಧಿಗಳನ್ನು ಹೀಗೆಯೇ ಅಳೆಯಬಹುದೆಂಬ ಸಲಹೆ 2017ರಲ್ಲಿ ಇಫ್ಯಾಬ್ ಚರ್ಚೆಗಿಟ್ಟ ಪತ್ರದಲ್ಲಿತ್ತು. ತೊಂಬತ್ತು ನಿಮಿಷದ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಒಂದು ಗಂಟೆಗೂ ಕಡಿಮೆ ಎಂಬುದೇ ಅದರ ಹಿಂದಿನ ತರ್ಕ.

2022ರ ಕತಾರ್ ವಿಶ್ವಕಪ್‌ನಲ್ಲಿ ಫಿಫಾ ರೆಫರಿಗಳ ಮುಖ್ಯಸ್ಥ ಪಿಯರ್‌ಲುಯಿಜಿ ಕೊಲಿನಾ ಅವರ ಸೂಚನೆಯಂತೆ, ಗಡಿಯಾರ ನಿಲ್ಲಿಸದೆಯೇ ಕಳೆದ ಸಮಯವನ್ನು ಕಟ್ಟುನಿಟ್ಟಾಗಿ ಕೂಡಿಸಲಾಯಿತು. ಇಂಗ್ಲೆಂಡ್ ಮತ್ತು ಇರಾನ್ ಪಂದ್ಯದ ಮೊದಲಾರ್ಧಕ್ಕೆ 14 ನಿಮಿಷ ಸೇರಿತು. ಇರಾನ್‌ನ ಗೋಲ್‌ಕೀಪರ್ ಅಲಿರೆಜಾ ಬೈರನ್‌ವಂದ್ ತಮ್ಮದೇ ತಂಡದವನಿಗೆ ಡಿಕ್ಕಿ ಹೊಡೆದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಅದು ನಿಜವಾದ ಗಾಯ. ಅವರನ್ನು ಯಾರೂ ಅನುಮಾನಿಸಬೇಕಾಗಲಿಲ್ಲ, ಇಂಗ್ಲೆಂಡ್ ತಂಡ ಒಂದು ನಿಮಿಷವನ್ನೂ ಕಳೆದುಕೊಳ್ಳಬೇಕಾಗಲಿಲ್ಲ. ನಾನು ಹೇಳುತ್ತಿರುವುದು ಇದನ್ನೇ. ಪಂದ್ಯಗಳು ಹೀಗೆ ಉದ್ದವಾದರೆ ಆಟಗಾರರ ದಣಿವು ಹೆಚ್ಚುತ್ತದೆ ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ.

ಆದರೆ ಮೊದಲೇ ಹೇಳಿದಂತೆ, ಗಡಿಯಾರ ನಿಲ್ಲಿಸಿದರೂ ಎದುರಾಳಿಯ ಓಟವನ್ನು ಮುರಿಯಲು ಬೀಳುವವನು ಬಿದ್ದೇ ಬೀಳುತ್ತಾನೆ. ಅದಕ್ಕೆ ಮದ್ದು ಬೇರೆ. ಅಮೆರಿಕದ ಮೇಜರ್ ಲೀಗ್ ಸಾಕರ್ 2024ರಿಂದ ಜಾರಿಗೊಳಿಸಿದ ನಿಯಮದಂತೆ, ಗಾಯಗೊಂಡ ಆಟಗಾರ ಹದಿನೈದು ಸೆಕೆಂಡಿಗಿಂತ ಹೆಚ್ಚು ಕಾಲ ನೆಲದ ಮೇಲಿದ್ದು ಆಟ ನಿಂತರೆ, ಅವನು ಹೊರಗೆ ಹೋಗಿ ಎರಡು ನಿಮಿಷ ಅಲ್ಲಿಯೇ ಚಿಕಿತ್ಸೆ ಪಡೆಯಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆಯಾಗಿ ಆಡಬೇಕು. ತಲೆಯ ಪೆಟ್ಟು, ಗೋಲ್‌ಕೀಪರ್‌ನ ಗಾಯ, ಎದುರಾಳಿಗೆ ಕಾರ್ಡ್ ಬಿದ್ದ ಫೌಲ್ ಮುಂತಾದವುಗಳಿಗೆ ವಿನಾಯಿತಿಯಿದೆ. ಬದಲಿಸಲ್ಪಟ್ಟ ಆಟಗಾರ ಹತ್ತು ಸೆಕೆಂಡಿನೊಳಗೆ ಹೊರಬರದಿದ್ದರೆ ಒಳಹೋಗಬೇಕಾದವನು ಒಂದು ನಿಮಿಷ ಕಾಯಬೇಕು. ಇಲ್ಲಿ ರೆಫರಿ ಯಾರನ್ನೂ ಸುಳ್ಳುಗಾರ ಎನ್ನುವುದಿಲ್ಲ. ನಿಜವಾಗಿ ನೊಂದವನಿಗೆ ಎರಡು ನಿಮಿಷದ ಆರೈಕೆ ಬೇಕೇ ಬೇಕು; ನಟಿಸುವವನಿಗೆ ಆ ಎರಡು ನಿಮಿಷವೇ ಶಿಕ್ಷೆಯಾಗುತ್ತದೆ.

ನಿಯಮ ಬದಲಿಸಿದರೆ ಆಟದ ಗುಣವೇ ಬದಲಾಗುತ್ತದೆ ಎನ್ನಲು ಹಳೆಯ ಸಾಕ್ಷಿಯೂ ಇದೆ. 1990ರ ಇಟಲಿ ವಿಶ್ವಕಪ್‌ನಲ್ಲಿ ಚೆಂಡನ್ನು ಮತ್ತೆ ಮತ್ತೆ ಗೋಲ್‌ಕೀಪರ್‌ನ ಕೈಗೆ ಹಿಂದಿರುಗಿಸುತ್ತ ಹೊತ್ತು ಕಳೆಯುವ ಆಟವನ್ನು ಜಗತ್ತು ಬೇಸರದಿಂದ ನೋಡಿತು. ತನ್ನ ತಂಡದವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದೆಂದು 1992ರಲ್ಲಿ ನಿಯಮವಾಯಿತು. ಮೊದಮೊದಲು ಗೋಲ್‌ಕೀಪರ್‌ಗಳು ತಡಬಡಾಯಿಸಿದರು. ಇಂದು ಕಾಲಿನಿಂದ ಆಡಲು ಬಾರದ ಗೋಲ್‌ಕೀಪರ್‌ಗೆ ದೊಡ್ಡ ತಂಡಗಳಲ್ಲಿ ಸ್ಥಾನ ಸಿಗುವುದೇ ಕಷ್ಟ.

ಪ್ರಶ್ನೆ: ಇತ್ತೀಚೆಗೆ ಗೋಲ್‌ಕೀಪರ್‌ಗಳೇ ಹೆಚ್ಚಾಗಿ ಕುಳಿತುಬಿಡುತ್ತಾರಲ್ಲ, ಇದರ ಗುಟ್ಟೇನು?

ಉತ್ತರ: ಉಳಿದ ಆಟಗಾರರಿಗೆ ಫಿಸಿಯೊ ಬಂದು ಚಿಕಿತ್ಸೆ ಕೊಟ್ಟರೆ ಅವರು ಮೈದಾನದಿಂದ ಹೊರಗೆ ಹೋಗಿ ಬರಬೇಕು, ಗೋಲ್‌ಕೀಪರ್‌ಗೆ ಐದನೆಯ ನಿಯಮ ಇದರಿಂದ ವಿನಾಯಿತಿ ಕೊಟ್ಟಿದೆ. ಅವನಿಲ್ಲದೆ ಆಟ ನಡೆಯುವುದಿಲ್ಲವಾದ್ದರಿಂದ ಇದು ಸಹಜ, ಆದರೆ ಸೋರುವ ಜಾಗವೂ ಇದೇ. ಮುಂದಿನ ಸಲ ಅವನು ಕುಳಿತಾಗ ಅವನನ್ನು ಬಿಟ್ಟು ಉಳಿದವರನ್ನು ನೋಡಿ: ಹತ್ತೂ ಮಂದಿ ಆತಂಕದ ಸುಳಿವೇ ಇಲ್ಲದೆ ಸೈಡ್‌ಲೈನ್‌ನತ್ತ ನಡೆದು, ನೀರಿನ ಬಾಟಲಿ ಹಿಡಿದು, ಕೋಚ್‌ನ ಸುತ್ತ ನಿಂತಿರುತ್ತಾರೆ, ಕೋಚ್ ಕೈಬೀಸಿ ಯಾರು ಎಲ್ಲಿ ನಿಲ್ಲಬೇಕೆಂದು ವಿವರಿಸುತ್ತಿರುತ್ತಾನೆ, ಮಾತು ಮುಗಿಯುತ್ತಿದ್ದಂತೆಯೇ ಗೋಲ್‌ಕೀಪರ್‌ನ ತೊಡೆಯ ಸೆಳೆತ ವಾಸಿಯಾಗಿರುತ್ತದೆ. ಫುಟ್‌ಬಾಲ್‌ನಲ್ಲಿ ಟೈಮ್‌ಔಟ್ ಇಲ್ಲ. ಇದು ಕದ್ದು ಪಡೆದ ಟೈಮ್‌ಔಟ್.

ಗೋಲ್‌ಕೀಪರ್ ಚಿಕಿತ್ಸೆ ಪಡೆಯುವಾಗ ಎರಡೂ ತಂಡಗಳ ಆಟಗಾರರು ಸೈಡ್‌ಲೈನ್‌ಗೆ ಹೋಗದಂತೆ ತಡೆಯುವುದು, ಇಲ್ಲವೇ ಅವನ ಬದಲಿಗೆ ಅದೇ ತಂಡದ ಬೇರೊಬ್ಬ ಆಟಗಾರನನ್ನು ಒಂದು ನಿಮಿಷ ಹೊರಗಿಡುವುದು, ಇವೆರಡೇ ನನಗೆ ತೋಚುವ ಪರಿಹಾರಗಳು. ಎರಡನೆಯದು ಹೆಚ್ಚು ಪರಿಣಾಮಕಾರಿ. ಅದರಿಂದ ನಿಜವಾಗಿ ಗಾಯಗೊಂಡ ಗೋಲ್‌ಕೀಪರ್‌ನ ತಂಡಕ್ಕೂ ಒಂದು ನಿಮಿಷದ ಹಿನ್ನಡೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೂ ಅದನ್ನೇ ಬಯಸುತ್ತೇನೆ.

ಪ್ರಶ್ನೆ: ನಾನು ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ತರಬೇತಿ ಕೊಡುತ್ತೇನೆ. ದೊಡ್ಡ ಆಟಗಾರರನ್ನು ನೋಡಿ ಅವರೂ ಉರುಳಾಡಲು ಕಲಿಯುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಬಯ್ಯಬೇಡಿ, ಬಿದ್ದವನನ್ನು ನೋಡಿ ಉಳಿದವರು ನಗಲೂ ಬಿಡಬೇಡಿ, ನಗೆಗೆ ಹೆದರಿದ ಮಗು ನಾಳೆ ನಿಜವಾದ ನೋವನ್ನೂ ಮುಚ್ಚಿಡುತ್ತದೆ. ಅಭ್ಯಾಸದ ಪಂದ್ಯಗಳಲ್ಲಿ ಬಿದ್ದು ಏಳದವರೆಲ್ಲರನ್ನೂ ಪ್ರಶ್ನಿಸದೆ ಹೊರಗೆ ಕರೆದು, ಎರಡು ನಿಮಿಷ ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಪೆಟ್ಟಾದ ಜಾಗವನ್ನು ಶ್ರದ್ಧೆಯಿಂದ ಪರೀಕ್ಷಿಸಿ, ಆಮೇಲೆ ಒಳಗೆ ಕಳಿಸಿ. ತಲೆಗೆ ಪೆಟ್ಟಾದ ಅನುಮಾನವಿದ್ದರೆ ಮಾತ್ರ ಆ ದಿನ ಮತ್ತೆ ಆಡಿಸಲೇಬೇಡಿ. ಜೊತೆಗೆ ಮುನ್ನಡೆಯನ್ನು ಕಾಯ್ದುಕೊಳ್ಳುವ ನ್ಯಾಯವಾದ ವಿದ್ಯೆಯನ್ನೂ ಕಲಿಸಿಕೊಡಿ: ಚೆಂಡನ್ನು ಕಾರ್ನರ್ ಧ್ವಜದತ್ತ ಒಯ್ದು, ಎದುರಾಳಿಗೆ ಬೆನ್ನು ಕೊಟ್ಟು, ಮೈಯನ್ನು ಅಡ್ಡವಿಟ್ಟು ಕಾಯುವುದು, ಮೂವರು ತ್ರಿಕೋನದಲ್ಲಿ ನಿಂತು ಚಿಕ್ಕ ಪಾಸ್‌ಗಳಿಂದ ಚೆಂಡನ್ನು ತಮ್ಮಲ್ಲೇ ಉಳಿಸಿಕೊಳ್ಳುವುದು. ಪ್ರತಿ ಅಭ್ಯಾಸದ ಕೊನೆಯ ಹತ್ತು ನಿಮಿಷ ಒಂದು ತಂಡಕ್ಕೆ ಒಂದು ಗೋಲಿನ ಮುನ್ನಡೆ ಕೊಟ್ಟು, ಬೀಳದೆ ಅದನ್ನು ಉಳಿಸಿಕೊಳ್ಳಿ ಎಂದು ಆಡಿಸಿ.